ಹಾಳೆ ತಟ್ಟೆ ಹಡಗು ಹತ್ತುವ ಮೊದಲು: ಮನೆ ಘಟಕದ ಮೊದಲ ರಫ್ತಿಗೆ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಸುತ್ತ ಅಡಿಕೆ ಹಾಳೆ (ಮರದಿಂದ ಉದುರುವ ಸೋಗೆಯ ಅಗಲವಾದ ಬುಡ) ತಟ್ಟೆ ಮಾಡುವ ಘಟಕಗಳಲ್ಲಿ ಹೆಚ್ಚಿನವು ಮನೆಮಂದಿಯೇ ನಡೆಸುವಂಥವು. ಅಣ್ಣ ತೋಟ ತೋಟ ತಿರುಗಿ ಹಾಳೆ ತರುತ್ತಾನೆ, ತಮ್ಮ ಪ್ರೆಸ್ಸು, ಡೈ (ಅಚ್ಚು) ನೋಡಿಕೊಳ್ಳುತ್ತಾನೆ, ಪ್ಯಾಕಿಂಗೂ ಲೆಕ್ಕವೂ ಅತ್ತಿಗೆಯ ಕೈಯಲ್ಲಿ. ಮದುವೆ ಮನೆ, ಅಡುಗೆ ಕಂಟ್ರಾಕ್ಟು, ಬೆಂಗಳೂರಿನ ಸಗಟು ಅಂಗಡಿ ಇಷ್ಟು ವ್ಯಾಪಾರ ಕೈಗೆ ಹತ್ತಿದ ಮೇಲೆ ಒಂದು ದಿನ ಹೊರದೇಶದಿಂದ ವಿಚಾರಣೆ ಬರುತ್ತದೆ: ‘ಒಂದು ಕಂಟೈನರ್ ಕೊಡುತ್ತೀರಾ?’

ಕೊಡಬಹುದು. ಆದರೆ ಮೊದಲ ರಫ್ತು ಕೆಡುವುದು ಹೆಚ್ಚಾಗಿ ಎರಡು ಕಡೆ. ಹೋಗುವ ದೇಶದ ಆಹಾರ ಕಾನೂನು ನೋಡದೆ ಸರಕು ಮಾಡಿದಾಗ, ಮತ್ತು ತೇವ ಉಳಿದ ತಟ್ಟೆಯನ್ನು ಬಾಕ್ಸಿಗೆ ತುಂಬಿದಾಗ. ಕಾಗದಪತ್ರಕ್ಕೆ ಹೆದರುವವರು ಬಹಳ. ಅದು ಕಲಿತರೆ ಬರುವ ಕೆಲಸ. ಬೂಷ್ಟು ಹಿಡಿದ ಕಂಟೈನರಿಗೆ ಮಾತ್ರ ಮದ್ದಿಲ್ಲ. ಅದಕ್ಕೇ ಇಲ್ಲಿ ಆ ಎರಡು ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದೆ.

1. ಮೊದಲು ದೇಶ, ಆಮೇಲೆ ದರ

ಅಮೆರಿಕದಿಂದ ವಿಚಾರಣೆ ಬಂದಿದ್ದರೆ ಇಲ್ಲಿಯೇ ನಿಲ್ಲಿ. 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಅಡಿಕೆ ಮರದ ಎಲೆ ಅಥವಾ ಹಾಳೆಯಿಂದ ಮಾಡಿದ ತಟ್ಟೆ, ಬಟ್ಟಲುಗಳನ್ನು ಊಟಕ್ಕೆ ಬಳಸುವಂತಿಲ್ಲ ಎಂದು ಹೇಳಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡ್‌ಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದು ಎಂಬುದು ಕಾರಣ. ಇಂಥ ಸರಕನ್ನು ಅಲ್ಲಿನ ಬಂದರಿನಲ್ಲಿ ತಡೆಯಬಹುದು. ತಡೆದ ಸರಕು ಅಲ್ಲೇ ನಾಶವಾಗುತ್ತದೆ, ಇಲ್ಲವೇ ನಿಮ್ಮ ಖರ್ಚಿನಲ್ಲಿ ವಾಪಸು ಬರುತ್ತದೆ. ಅಲ್ಲಿನ ನಿಲುವು ಬದಲಾಗಿದೆಯೇ ಎಂದು ಎಫ್‌ಡಿಎಯ ಜಾಲತಾಣದಲ್ಲಿ ನೀವೇ ನೋಡಿ. ಖರೀದಿದಾರ ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ. ‘ಅಲಂಕಾರದ ವಸ್ತು ಎಂದು ಬರೆದು ಕಳಿಸಿ, ಏನೂ ಆಗುವುದಿಲ್ಲ’ ಎನ್ನುವವರಿರುತ್ತಾರೆ. ಒಪ್ಪಬೇಡಿ. ಸುಳ್ಳು ಘೋಷಣೆಗೆ ಸಹಿ ಹಾಕುವವರು ನೀವು, ಹೇಳಿಕೊಟ್ಟವರಲ್ಲ.

ಯುರೋಪಿನಲ್ಲಿ ಬೇಡಿಕೆ ಇದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಚಮಚಗಳಿಗೆ ಐರೋಪ್ಯ ಒಕ್ಕೂಟದಲ್ಲಿ 2021ರ ಜುಲೈ 3ರಿಂದ ನಿಷೇಧವಿದೆ. ಆದರೆ ಊಟಕ್ಕೆ ತಾಗುವ ಪ್ರತಿ ವಸ್ತುವಿಗೂ ಅಲ್ಲಿ 1935/2004 ಸಂಖ್ಯೆಯ ನಿಯಮ ಅನ್ವಯ. ತಟ್ಟೆಯಿಂದ ಆರೋಗ್ಯಕ್ಕೆ ತೊಂದರೆಯಾಗಬಾರದು, ಆಹಾರದ ಗುಣ, ರುಚಿ, ವಾಸನೆ ಕೆಡಬಾರದು, ಯಾವ ತಟ್ಟೆ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹುಡುಕಲು ಆಗಬೇಕು. ಜರ್ಮನಿಯವರು ಇದರ ಮೇಲೆ ಎಲ್‌ಎಫ್‌ಜಿಬಿ ಎಂಬ ತಮ್ಮದೇ ಕಾನೂನಿನ ಪ್ರಕಾರ ವರದಿ ಕೇಳುತ್ತಾರೆ. ಆಸ್ಟ್ರೇಲಿಯಾದವರಿಗೆ ಕೀಟ, ಬೀಜ, ಮಣ್ಣಿನದೇ ಚಿಂತೆ; ಅವರ ಆಮದು ಷರತ್ತುಗಳೆಲ್ಲ ‘ಬೈಕಾನ್’ ಎಂಬ ಸರ್ಕಾರಿ ಜಾಲತಾಣದಲ್ಲಿವೆ. ತಟ್ಟೆಗೆ ಅನ್ವಯವಾಗುವ ಪುಟವನ್ನು ತೆಗೆದು ಕಳಿಸುವಂತೆ ಖರೀದಿದಾರನಿಗೇ ಹೇಳಿ.

ಇನ್ನೊಂದು ಗೊಂದಲ ಮೊದಲೇ ಬಗೆಹರಿಸಿಕೊಳ್ಳಿ. ಹೊರಗಿನವರು ಇದನ್ನು ‘ಪಾಮ್ ಲೀಫ್’ ಎನ್ನುತ್ತಾರೆ. ಯುರೋಪಿನ ಅರಣ್ಯನಾಶ ತಡೆ ನಿಯಮದ ಪಟ್ಟಿಯಲ್ಲಿ ಎಣ್ಣೆ ತಾಳೆ ಇದೆ, ಅಡಿಕೆ ಇಲ್ಲ. ಇನ್‌ವಾಯ್ಸ್‌ನಲ್ಲೂ ಬಾಕ್ಸ್ ಮೇಲೂ ‘ಅರೆಕಾ’ ಎಂದು ಸ್ಪಷ್ಟವಾಗಿ ಬರೆಯಿರಿ.

2. ವರದಿ ಕೈಗೆ ಬಂದ ಮೇಲೆ ಒಪ್ಪಂದ

ಯಾವ ಪರೀಕ್ಷೆ, ಯಾವ ಲ್ಯಾಬು, ಯಾವ ಮಿತಿ ಎಂಬ ಮೂರನ್ನೂ ಖರೀದಿದಾರನಿಂದ ಬರಹದಲ್ಲಿ ಪಡೆಯಿರಿ. ಸಾಮಾನ್ಯವಾಗಿ ಕೇಳುವುದು ಇವು: ತಟ್ಟೆಯಿಂದ ನೀರು, ಹುಳಿ, ಎಣ್ಣೆಗೆ ಎಷ್ಟು ಅಂಶ ಇಳಿಯುತ್ತದೆ ಎನ್ನುವ ಮೈಗ್ರೇಶನ್ ಪರೀಕ್ಷೆ, ಸೀಸ, ಕ್ಯಾಡ್ಮಿಯಂನಂಥ ಲೋಹಗಳು, ಕೀಟನಾಶಕದ ಶೇಷ, ಬೂಷ್ಟು ಮತ್ತು ಬ್ಯಾಕ್ಟೀರಿಯಾ ಎಣಿಕೆ. ಪ್ಲಾಸ್ಟಿಕ್‌ಗೆ ಯುರೋಪು ಇಟ್ಟಿರುವ ಒಟ್ಟು ಮೈಗ್ರೇಶನ್ ಮಿತಿ ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ. ಎಲೆಗೆಂದೇ ಪ್ರತ್ಯೇಕ ಮಿತಿ ಇಲ್ಲದ್ದರಿಂದ ಅದನ್ನೇ ಅಳತೆಗೋಲಾಗಿ ಹಿಡಿಯುವವರಿದ್ದಾರೆ. ಹಾಳೆ ತಾನಾಗಿಯೇ ಬಣ್ಣ ಬಿಡುವ ವಸ್ತು. ಪ್ಲಾಸ್ಟಿಕ್‌ನ ಮಿತಿಯನ್ನು ಇದಕ್ಕೆ ಕಣ್ಣು ಮುಚ್ಚಿ ಒಪ್ಪಿಕೊಂಡು ಸಹಿ ಹಾಕಬೇಡಿ. ಮೊದಲು ನಿಮ್ಮ ತಟ್ಟೆಯನ್ನೇ ಪರೀಕ್ಷೆಗೆ ಕೊಟ್ಟು ಅಂಕಿ ನೋಡಿ. ಆಹಾರ ಪ್ಯಾಕಿಂಗ್ ವಸ್ತುಗಳ ಇಂಥ ಪರೀಕ್ಷೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ನಡೆಯುತ್ತದೆ. ಎನ್‌ಎಬಿಎಲ್ ಮಾನ್ಯತೆಯ ಖಾಸಗಿ ಲ್ಯಾಬುಗಳೂ ಬೆಂಗಳೂರಿನಲ್ಲಿವೆ.

ಅಮೆರಿಕದ ನಿರ್ಧಾರದ ನಂತರ ಬೇರೆ ದೇಶದ ದೊಡ್ಡ ಖರೀದಿದಾರರೂ ಆಲ್ಕಲಾಯ್ಡ್ ವರದಿ ಕೇಳಿದರೆ ಆಶ್ಚರ್ಯವಿಲ್ಲ. ಅರೆಕೋಲಿನ್ ಪರೀಕ್ಷೆಯನ್ನು ನೀವಾಗಿಯೇ ಮಾಡಿಸಿ, ಫಲಿತಾಂಶವನ್ನು ಮುಚ್ಚಿಡದೆ ಹೇಳಿ. ಅದರಲ್ಲಿ ಬರುವ ಅಂಕಿ ತಟ್ಟೆಯಲ್ಲಿ ಉಣ್ಣುವವರ ಆರೋಗ್ಯದ ಪ್ರಶ್ನೆ, ನಮ್ಮ ವ್ಯಾಪಾರದ್ದು ಆಮೇಲೆ.

3. ಹಾಳೆಯ ಲೆಕ್ಕ

‘ಒಂದು ಕಂಟೈನರ್’ ಎನ್ನುವುದು ಬಾಯಲ್ಲಿ ಸಣ್ಣ ಮಾತು. 10 ಇಂಚಿನ ದುಂಡು ತಟ್ಟೆಗೆ ಲೆಕ್ಕ ಹಾಕೋಣ. ಬಾಕ್ಸಿಗೆ 200 ತಟ್ಟೆಯಂತೆ 20 ಅಡಿ ಕಂಟೈನರಿಗೆ 280 ಬಾಕ್ಸ್ ಹಿಡಿಯುತ್ತದೆ (ಹೇಗೆಂದು ಮುಂದೆ ಹೇಳಿದೆ). ಒಟ್ಟು 56,000 ತಟ್ಟೆ. ಒಂದು ಹಾಳೆಯಲ್ಲಿ 10 ಇಂಚಿನದು ಸಾಮಾನ್ಯವಾಗಿ ಒಂದೇ. ಉಳಿದ ತುಂಡಿನಲ್ಲಿ ಸಣ್ಣ ಬಟ್ಟಲು. ನಾಲ್ಕರಲ್ಲಿ ಒಂದು ರಫ್ತಿಗೆ ಬಾರದು ಎಂದು ಹಿಡಿದರೆ 75,000 ಹಾಳೆ ಬೇಕು.

ಅಡಿಕೆ ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಎಕರೆಗೆ ಸುಮಾರು 550 ಮರ ಎಂದರೆ 3,000 ಹಾಳೆ. ಮಳೆಯಲ್ಲಿ ಬಿದ್ದು ಕೊಳೆತದ್ದು, ಸೀಳಿದ್ದು, ಅಗಲ ಸಾಲದ್ದು ಕಳೆದು ಅರ್ಧ ಕೈಗೆ ಸಿಕ್ಕಿತು ಎಂದುಕೊಳ್ಳಿ: ಎಕರೆಗೆ 1,500. ಅಂದರೆ ಒಂದು ಕಂಟೈನರಿನ ಹಿಂದೆ 50 ಎಕರೆ ತೋಟದ ಒಂದು ವರ್ಷದ ಹಾಳೆ ಇದೆ. ಒಂದು ಪ್ರೆಸ್ ದಿನಕ್ಕೆ 300 ತಟ್ಟೆ ಒತ್ತುತ್ತದೆ ಎಂದಾದರೆ ಐದು ಪ್ರೆಸ್ಸಿಗೆ 50 ಪೂರ್ತಿ ದಿನದ ಕೆಲಸ. ಕರೆಂಟ್ ಹೋಗಿ ಡೈ ತಣ್ಣಗಾದರೆ ಮತ್ತೆ ಬಿಸಿಯಾಗುವವರೆಗೆ ಕೈಕಟ್ಟಿ ಕೂರಬೇಕು. ಅಡಿಕೆ ಗೊನೆ ಕೊಯ್ಲು ಶುರುವಾದರೆ ಆಳುಗಳು ಅಡಿಕೆ ಸುಲಿಯುವ ಮನೆಗೆ ಹೋಗುತ್ತಾರೆ, ಯಾರ ಮೇಲೂ ಸಿಟ್ಟು ಮಾಡುವಂತಿಲ್ಲ. ಹಾಗಾಗಿ 90 ದಿನಕ್ಕಿಂತ ಕಡಿಮೆ ಅವಧಿ ಒಪ್ಪಿಕೊಳ್ಳಬೇಡಿ. ಮೊದಲ ಸಲಕ್ಕೆ ಪೂರ್ತಿ ಕಂಟೈನರ್ ಬಿಟ್ಟು 40–60 ಬಾಕ್ಸಿನ ಬಿಡಿ ಸರಕಿಗೆ ಖರೀದಿದಾರನನ್ನು ಒಪ್ಪಿಸಿದರೆ ಇನ್ನೂ ಒಳ್ಳೆಯದು.

ಹಾಳೆ ಯಾವ ತಿಂಗಳಲ್ಲಿ ಬಿದ್ದದ್ದು ಎಂಬುದು ಊರಿನ ಗಿರಾಕಿಗೆ ಬೇಡದ ವಿಷಯ, ರಫ್ತಿಗೆ ಬೇಕು. ಮಳೆಗೆ ಮುಂಚೆ, ಮತ್ತೆ 40–45 ದಿನ ಬಿಟ್ಟು, ಕೊಳೆ ಔಷಧಿ ಹೊಡೆಯುತ್ತೇವೆ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಅಡಿಕೆ ಗೊನೆಗೆ ಹೊಡೆದದ್ದು ಹಾಳೆಯ ಮೇಲೂ ಇಳಿಯುತ್ತದೆ. ಹಾಳೆಯ ಹೊರಮೈಯಲ್ಲಿ ಗೆರೆಗಳ ನಡುವೆ ತಿಳಿ ನೀಲಿ ಪುಡಿ ಕೂತಿರುವುದು ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಲ್ಯಾಬಿನಲ್ಲಿ ತಾಮ್ರ ಎಂದು ತೋರುವುದು ಇದೇ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಬಿದ್ದ, ನೀಲಿ ಗುರುತಿಲ್ಲದ ಹಾಳೆಯನ್ನು ಮಾತ್ರ ರಫ್ತಿಗೆ ಎತ್ತಿಡಿ. ಯಾವ ತೋಟದ್ದು, ಯಾವ ತಿಂಗಳು ಎಂದು ಕಟ್ಟಿಗೊಂದು ಚೀಟಿ ಹಾಕಿ. ತೋಟದಲ್ಲಿ ಬೇರೆ ಯಾವ ಔಷಧಿ ಹೊಡೆದಿದ್ದಾರೆ ಎಂದು ಕೇಳಿ ಅದೇ ಚೀಟಿಯಲ್ಲಿ ಬರೆಯಿರಿ.

ಒಟ್ಟುವಾಗ ನೆಲಕ್ಕೆ ತಾಗದಂತೆ ಅರ್ಧ ಅಡಿ ಎತ್ತರದ ಅಟ್ಟಣಿಗೆ ಇರಲಿ, ಗೋಡೆಯಿಂದ ಒಂದು ಅಡಿ ದೂರವಿರಲಿ. ಹಳೆಯ ರಾಶಿಯ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳ ಹಿಡಿದಿದೆ ಎಂದು ಅರ್ಥ. ಆ ರಾಶಿ ಪೂರ್ತಿ ಹೊರಗೆ.

4. ತೊಳೆಯುವುದು, ಒತ್ತುವುದು, ಒಣಗಿಸುವುದು

ನೆನೆಸಲು 15–30 ನಿಮಿಷ ಸಾಕು. ರಾತ್ರಿಯಿಡೀ ತೊಟ್ಟಿಯಲ್ಲಿ ಬಿಟ್ಟರೆ ಹಾಳೆ ನೀರು ಕುಡಿದು ಊದುತ್ತದೆ, ಒತ್ತಿದಾಗ ಕಪ್ಪು ಮಚ್ಚೆ ಬರುತ್ತದೆ, ಹುಳಿ ವಾಸನೆ ಉಳಿಯುತ್ತದೆ. ತೊಟ್ಟಿಯ ನೀರನ್ನು ದಿನಕ್ಕೆ ಎರಡು ಸಲವಾದರೂ ಬದಲಿಸಿ. ಪ್ರೆಶರ್ ವಾಶರ್‌ನಿಂದ ಎರಡೂ ಮೈ ತೊಳೆದು, ಬುಡವನ್ನು ಬ್ರಶ್ಶಿನಿಂದ ಉಜ್ಜಿ, ನಿಲ್ಲಿಸಿ ನೀರು ಬಸಿಯಬೇಕು.

ಡೈ ಬಿಸಿ 90ರಿಂದ 110 ಡಿಗ್ರಿ ಸೆಲ್ಸಿಯಸ್ ನಡುವೆ, ಒತ್ತುವ ಸಮಯ ಸುಮಾರು ಒಂದು ನಿಮಿಷ. ಹಾಳೆಯ ದಪ್ಪ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಬಿಸಿ ಹೆಚ್ಚಾದರೆ ಅಂಚು ಕಂದುತ್ತದೆ. ಬಿಸಿ ಕಡಿಮೆಯಾದರೆ ತಟ್ಟೆ ಆ ದಿನ ಚೆನ್ನಾಗಿ ಕಂಡು, ಎರಡು ದಿನದಲ್ಲಿ ಅಂಚು ಬಿಚ್ಚಿ ದೋಣಿಯಂತೆ ಮೇಲೇಳುತ್ತದೆ. ಹೊಳಪು ಬರಲಿ ಎಂದು ಎಣ್ಣೆ, ಮೇಣ ಸವರುವುದು, ಬಿಳಿ ಮಾಡಲು ಗಂಧಕದ ಹೊಗೆ ಕೊಡುವುದು ಬೇಡವೇ ಬೇಡ. ಏನೂ ಸೇರಿಸದ ತಟ್ಟೆ ಎಂಬುದೇ ನಿಮ್ಮ ಸರಕಿನ ಬೆಲೆ.

ಎಲ್ಲಕ್ಕಿಂತ ಮುಖ್ಯ ಇನ್ನು ಬರುವುದು. ಪ್ರೆಸ್ಸಿನಿಂದ ಬಂದ ತಟ್ಟೆ ಮುಟ್ಟಿದರೆ ಒಣಗಿದ ಹಾಗೆಯೇ ಇರುತ್ತದೆ. ಆದರೆ ಹಾಳೆಯ ನಡುವಿನ ದಪ್ಪ ಭಾಗದಲ್ಲಿ, ಬುಡದ ಕಡೆಯಿಂದ ಬರುವ ನಾರಿನ ಸಾಲಿನಲ್ಲಿ, ನೀರು ಉಳಿದಿರುತ್ತದೆ. ತಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿ: ಅಂಚು ಬೆಚ್ಚಗೆ, ನಡುವೆ ತಂಪು ಅನಿಸಿದರೆ ಒಳಗೆ ತೇವ ಇದೆ. ಡ್ರೈಯರ್‌ನಲ್ಲಿ 55–60 ಡಿಗ್ರಿಯಲ್ಲಿ, ತಟ್ಟೆಗಳನ್ನು ಒಂದರೊಳಗೊಂದು ಕೂರಿಸದೆ ಬಿಡಿಬಿಡಿಯಾಗಿ ನಿಲ್ಲಿಸಿ ಒಣಗಿಸಿ.

ತೇವ ಅಳೆಯಲು ಕಟ್ಟಿಗೆಯ ಮಾಯಿಶ್ಚರ್ ಮೀಟರ್ ಅಂದಾಜು ತೋರಿಸುತ್ತದೆ, ಅಷ್ಟೇ. ನಿಖರ ಬೇಕೆಂದರೆ 0.1 ಗ್ರಾಂ ತೋರಿಸುವ ತಕ್ಕಡಿ ಮತ್ತು ಸಣ್ಣ ಓವನ್ ಇಟ್ಟುಕೊಳ್ಳಿ. ಐದು ತಟ್ಟೆಗಳ ನಡುವಿನ ದಪ್ಪ ಭಾಗ ಕತ್ತರಿಸಿ 50 ಗ್ರಾಂ ತೂಗಿ, 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಕಾಯಿಸಿ, ಮತ್ತೆ ತೂಗಿ. 45.5 ಗ್ರಾಂ ಬಂದರೆ ತೇವ ಶೇ. 9. ಶೇ. 10ರ ಮೇಲೆ ಬಂದ ದಿನದ ಸರಕು ಬಾಕ್ಸಿಗೆ ಹೋಗಬಾರದು. ಪ್ರತಿ ದಿನದ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ತಕರಾರು ಬಂದಾಗ ನಿಮ್ಮ ಪರವಾಗಿ ಮಾತಾಡುವುದು ಆ ಪುಸ್ತಕ.

ಬಿಸಿ ತಟ್ಟೆಯನ್ನು ಶ್ರಿಂಕ್ ಪ್ಲಾಸ್ಟಿಕ್ಕಿನೊಳಗೆ ಹಾಕಿದರೆ ಒಳಗೆ ಬೆವರುತ್ತದೆ. ಕೋಣೆಯ ಬಿಸಿಗೆ ಇಳಿದ ಮೇಲೆಯೇ ಸುತ್ತಿ. ಮಲೆನಾಡಿನ ಆಷಾಢದಲ್ಲಿ ಈ ಕೆಲಸ ಬೇಡ. ಒಣಗಿಸಿದ ತಟ್ಟೆ ತೆರೆದ ಶೆಡ್ಡಿನಲ್ಲಿ ಒಂದು ರಾತ್ರಿ ಕಳೆದರೆ ಬೆಳಿಗ್ಗೆ ಹಪ್ಪಳದಂತೆ ಮೆತ್ತಗಾಗಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒತ್ತಿ, ಮೇ ಅರ್ಧಕ್ಕೆ ಮುಂಚೆ ಸರಕು ಶೆಡ್ ಬಿಡುವಂತೆ ಯೋಜನೆ ಮಾಡಿ. ಮಳೆಗಾಲದಲ್ಲಿ ಕಳಿಸಲೇಬೇಕು ಎಂದಾದರೆ ಬಾಗಿಲು ಮುಚ್ಚುವ ಪ್ಯಾಕಿಂಗ್ ಕೋಣೆಯೂ ಡಿಹ್ಯೂಮಿಡಿಫೈಯರೂ ಬೇಕು. ಇಲ್ಲದೆ ಹೊರಡುವುದು ಜೂಜು.

5. ಬಾಕ್ಸು, ಕಂಟೈನರು

ಹಾಳೆ ತಟ್ಟೆಗೆ ಬಾಡಿಗೆ ಬೀಳುವುದು ಭಾರಕ್ಕಲ್ಲ, ಜಾಗಕ್ಕೆ. 54×54×32 ಸೆಂಟಿಮೀಟರಿನ ಬಾಕ್ಸ್ 25 ತಟ್ಟೆಯ 8 ಕಟ್ಟು ಹಿಡಿಯುತ್ತದೆ, ತೂಕ ಐದಾರು ಕಿಲೋ. ಅದೇ ಬಾಕ್ಸ್ ವಿಮಾನದಲ್ಲಿ ಹೋದರೆ ಉದ್ದ, ಅಗಲ, ಎತ್ತರ ಗುಣಿಸಿ 6,000ದಿಂದ ಭಾಗಿಸಿ 15.5 ಕಿಲೋಗೆ ದುಡ್ಡು ಕೇಳುತ್ತಾರೆ. ಸ್ಯಾಂಪಲ್ ಬಿಟ್ಟು ಬೇರೆ ಯಾವುದಕ್ಕೂ ವಿಮಾನ ಬೇಡ. ಸಣ್ಣ ಸ್ಯಾಂಪಲ್‌ಗೆ ಅಂಚೆ ಇಲಾಖೆಯ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ದ ದರವನ್ನೂ ಕೊರಿಯರ್ ದರದ ಜೊತೆ ಹೋಲಿಸಿ ನೋಡಿ.

20 ಅಡಿ ಕಂಟೈನರಿನ ಒಳಗಳತೆ ಸುಮಾರು 5.90 ಮೀಟರ್ ಉದ್ದ, 2.35 ಅಗಲ, 2.39 ಎತ್ತರ. ಒಟ್ಟು ಘನ ಅಳತೆಯನ್ನು ಬಾಕ್ಸಿನ ಘನ ಅಳತೆಯಿಂದ ಭಾಗಿಸಿದರೆ 350ರ ಮೇಲೆ ಬರುತ್ತದೆ. ಆ ಲೆಕ್ಕದಲ್ಲಿ ದರ ಕೊಟ್ಟವರು ಸೋಲುತ್ತಾರೆ. ಸಾಲು ಎಣಿಸಬೇಕು. ಉದ್ದಕ್ಕೆ 10, ಅಗಲಕ್ಕೆ 4, ಎತ್ತರಕ್ಕೆ 7. ಒಟ್ಟು 280. ಬಾಕ್ಸಿನ ಎತ್ತರ 32ರ ಬದಲು 35 ಮಾಡಿಸಿದಿರೋ, ಏಳನೇ ಸಾಲು ಹಿಡಿಯುವುದಿಲ್ಲ. 40 ಬಾಕ್ಸ್ ಹೊರಗೆ ಉಳಿಯುತ್ತದೆ. ಬಾಗಿಲಿನ ಎತ್ತರ ಒಳಗಿನದಕ್ಕಿಂತ ಕಡಿಮೆ, ಸುಮಾರು 2.28 ಮೀಟರ್. ಏಳು ಸಾಲು ಸೇರಿ 2.24, ಕೊನೆಯ ಸಾಲು ಅದರಡಿ ನುಸುಳುತ್ತದೆ. ಬಾಕ್ಸ್ ಮಾಡುವವನಿಗೆ ಆರ್ಡರ್ ಕೊಡುವ ಮುಂಚೆ ಈ ಲೆಕ್ಕ ಮುಗಿದಿರಬೇಕು. ಅವನು ಹೇಳುವ ಅಳತೆ ಒಳಗಿನದೋ ಹೊರಗಿನದೋ ಎಂದು ಕೇಳಲು ಮರೆಯಬೇಡಿ. ಐದು ಪದರದ ರಟ್ಟು ಬೇಕು; ಮೂರು ಪದರದ್ದು ಏಳು ಸಾಲಿನ ಭಾರ ಮತ್ತು ಸಮುದ್ರದ ತೇವ ಎರಡನ್ನೂ ತಡೆಯುವುದಿಲ್ಲ.

ಹಡಗಿನಲ್ಲಿ ಹಗಲು ಕಂಟೈನರ್ ಕಾಯುತ್ತದೆ, ರಾತ್ರಿ ತಣಿಯುತ್ತದೆ. ಹಗಲು ಸರಕಿನಿಂದ, ನೆಲದ ಹಲಗೆಯಿಂದ ಎದ್ದ ಆವಿ ರಾತ್ರಿ ಮಾಡಿಗೆ (ಚಾವಣಿಗೆ) ಹನಿಗಟ್ಟಿ ಬಾಕ್ಸಿನ ಮೇಲೆ ತೊಟ್ಟಿಕ್ಕುತ್ತದೆ. ವಾರಗಟ್ಟಲೆ ಹೀಗೇ. ಇದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್‌ನ ತೂಗು ಚೀಲಗಳನ್ನು ಗೋಡೆಯ ಕೊಕ್ಕೆಗಳಿಗೆ ಹಾಕುತ್ತಾರೆ. ಎಷ್ಟು ಬೇಕೆಂದು ಪ್ರಯಾಣದ ದಿನ ಹೇಳಿ ಮಾರುವವರಿಂದಲೇ ಬರೆಸಿಕೊಳ್ಳಿ. ಮೇಲಿನ ಸಾಲಿನ ಮೇಲೆ ಕ್ರಾಫ್ಟ್ ಕಾಗದ ಹಾಸಿ. ತುಂಬುವ ಮುಂಚೆ ಒಬ್ಬರು ಒಳಗೆ ನಿಂತು ಬಾಗಿಲು ಹಾಕಿಸಿಕೊಳ್ಳಿ: ಎಲ್ಲಿಂದಾದರೂ ಬೆಳಕು ಕಂಡರೆ ಅಲ್ಲಿಂದ ನೀರೂ ಬರುತ್ತದೆ. ಮೀನು, ಮಸಾಲೆ, ಬಣ್ಣದ ವಾಸನೆ ಇದ್ದರೂ ಆ ಕಂಟೈನರ್ ತಿರುಗಿಸಿ ಕಳಿಸಿ. ಹಾಳೆ ವಾಸನೆ ಹೀರುತ್ತದೆ.

ಮರದ ಪ್ಯಾಲೆಟ್ ಬಳಸಿದರೆ, ಮರದೊಳಗಿನ ಹುಳ ಸಾಯುವಂತೆ ಕಾಯಿಸಿದೆ ಎಂದು ತೋರಿಸುವ ಐಎಸ್‌ಪಿಎಂ–15 ಮುದ್ರೆ ಕಡ್ಡಾಯ. ಮರದ ಒಳತಿರುಳು 56 ಡಿಗ್ರಿಗೆ ಬಂದು 30 ನಿಮಿಷ ಕಾದಿರಬೇಕು. ಊರಿನ ಸಾಮಿಲ್ಲಿನ ಹಲಗೆ ಹೊಡೆದು ಪ್ಯಾಲೆಟ್ ಮಾಡಿ ಕಳಿಸಿದರೆ ಅದೊಂದೇ ಕಾರಣಕ್ಕೆ ಸರಕು ತಡೆಯುತ್ತಾರೆ. ಪ್ಯಾಲೆಟ್ ಇಲ್ಲದೆ ಬರೀ ಬಾಕ್ಸ್ ತುಂಬಿದರೆ ಜಾಗವೂ ಉಳಿಯುತ್ತದೆ. ಫ್ಯೂಮಿಗೇಶನ್ ಬೇಕೇ, ಯಾವ ಅನಿಲ ಒಪ್ಪಿಗೆ ಎಂಬುದು ದೇಶಕ್ಕೊಂದು, ಖರೀದಿದಾರನಿಗೊಂದು. ಸಸ್ಯ ಆರೋಗ್ಯ ಪತ್ರ ಕೇಳಿದರೆ ಅದನ್ನು ಕೊಡುವುದು ಕೇಂದ್ರದ ಸಸ್ಯ ಕ್ವಾರಂಟೈನ್ ಕಚೇರಿ. ಮಂಗಳೂರಿನಲ್ಲೂ ಬೆಂಗಳೂರಿನಲ್ಲೂ ಇದೆ.

ಸರಕು ಇಳಿಯುವ ದಾರಿಯನ್ನೂ ಮುಂಚೆ ನೋಡಿ. ನಕ್ಷೆಯಲ್ಲಿ ಪಣಂಬೂರಿನ ಮಂಗಳೂರು ಬಂದರು ಹತ್ತಿರ, ಆದರೆ ಆಗುಂಬೆ ಘಾಟಿಯ ತಿರುವುಗಳಲ್ಲಿ ಕಂಟೈನರ್ ಲಾರಿ ತಿರುಗುವುದಿಲ್ಲ. ಮಳೆ ಹಿಡಿದರೆ ಬೇರೆ ಘಾಟಿಗಳಲ್ಲೂ ಮಣ್ಣು ಕುಸಿಯುತ್ತದೆ. ಸಣ್ಣ ಲಾರಿಯಲ್ಲಿ ಮಂಗಳೂರಿಗೆ ಇಳಿಸಿ ಅಲ್ಲಿ ಕಂಟೈನರಿಗೆ ತುಂಬಿಸುವುದು ಒಂದು ದಾರಿ. ಬೆಂಗಳೂರಿನ ವೈಟ್‌ಫೀಲ್ಡ್ ಒಳನಾಡು ಡಿಪೋಗೆ ಒಯ್ದು ಅಲ್ಲೇ ಕಸ್ಟಮ್ಸ್ ಮುಗಿಸಿ ರೈಲಿನಲ್ಲಿ ಚೆನ್ನೈ ಬಂದರಿಗೆ ಕಳಿಸುವುದು ಇನ್ನೊಂದು. ಎರಡಕ್ಕೂ ದರ ತರಿಸಿ ಹೋಲಿಸಿ.

6. ಕಾಗದಪತ್ರ

ಸರಕು ಒಣಗುತ್ತಿರುವಾಗ ಇವು ಸಮಾನಾಂತರವಾಗಿ ನಡೆಯಲಿ.

ಐಇಸಿ (ಆಮದು–ರಫ್ತು ಮಾಡುವವರ ಸಂಖ್ಯೆ): ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ, ಜಾಲತಾಣದಲ್ಲಿ ಅರ್ಜಿ, ಶುಲ್ಕ 500 ರೂಪಾಯಿ. ಸಂಸ್ಥೆಯ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆ. ಏನೂ ಬದಲಾಗದಿದ್ದರೂ ಪ್ರತಿ ವರ್ಷ ಏಪ್ರಿಲ್–ಜೂನ್ ನಡುವೆ ಒಳಗೆ ಹೋಗಿ ದೃಢೀಕರಿಸಬೇಕು. ತಪ್ಪಿಸಿದರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ; ಗೊತ್ತಾಗುವುದು ಸರಕು ಬಂದರಿನಲ್ಲಿ ನಿಂತಾಗ.

ಎಡಿ ಕೋಡ್: ವಿದೇಶಿ ವಿನಿಮಯ ನಡೆಸುವ ಬ್ಯಾಂಕ್ ಶಾಖೆಯಿಂದ 14 ಅಂಕಿಯ ಸಂಖ್ಯೆ ಪಡೆದು, ಸರಕು ಹೊರಡುವ ಬಂದರಿಗೆ ಕಸ್ಟಮ್ಸ್‌ನ ಜಾಲತಾಣ ‘ಐಸ್‌ಗೇಟ್’ನಲ್ಲಿ ನೋಂದಾಯಿಸಬೇಕು. ಮಂಗಳೂರಿಗೆ ಮಾಡಿಸಿ ವೈಟ್‌ಫೀಲ್ಡಿಗೆ ಲಾರಿ ಕಳಿಸಿದರೆ ನಡೆಯದು.

ಜಿಎಸ್‌ಟಿ: ಎಲೆ, ಹೂವು, ತೊಗಟೆಯಿಂದ ಮಾಡಿದ ತಟ್ಟೆ, ಲೋಟಗಳಿಗೆ 2019ರ ಅಕ್ಟೋಬರ್ 1ರಿಂದ ತೆರಿಗೆ ಇಲ್ಲ. ಹಾಗೆಂದು ನೋಂದಣಿ ಬೇಡವೆಂದು ಬಿಡಬೇಡಿ. ಬಾಕ್ಸ್, ಡೈ ರಿಪೇರಿ, ಸಾಗಣೆಗೆ ಕಟ್ಟಿದ ತೆರಿಗೆ ರಫ್ತಿನ ಮೇಲೆ ವಾಪಸು ಕೇಳಲು ದಾರಿಯಿದೆ. ಆಡಿಟರ್ ಹತ್ತಿರ ಮೊದಲೇ ಕೂತು ಮಾತಾಡಿ.

ಎಚ್‌ಎಸ್ ಕೋಡ್: ಸರಕು ಯಾವ ಬಗೆಯದು ಎಂದು ಕಸ್ಟಮ್ಸ್‌ಗೆ ತಿಳಿಸುವ ಸಂಖ್ಯೆ. ಮೊದಲ 6 ಅಂಕಿ ಜಗತ್ತಿಗೆಲ್ಲ ಒಂದೇ, ನಮ್ಮಲ್ಲಿ ಒಟ್ಟು 8. ನಿಮ್ಮ ಕಸ್ಟಮ್ಸ್ ಏಜೆಂಟ್ ಮತ್ತು ಅಲ್ಲಿನ ಖರೀದಿದಾರನ ಏಜೆಂಟ್ ಇಬ್ಬರೂ ಒಂದೇ 6 ಅಂಕಿಗೆ ಒಪ್ಪಿದ ಮೇಲೆಯೇ ಇನ್‌ವಾಯ್ಸ್ ಬರೆಯಿರಿ. ಯುಎಇ ಜೊತೆಗಿನ ಒಪ್ಪಂದ 2022ರ ಮೇ 1ರಿಂದ, ಆಸ್ಟ್ರೇಲಿಯಾದ ಜೊತೆಗಿನದು 2022ರ ಡಿಸೆಂಬರ್ 29ರಿಂದ ಜಾರಿಯಲ್ಲಿದೆ. ಸರಕು ಭಾರತದ್ದೇ ಎನ್ನುವ ಮೂಲ ಪ್ರಮಾಣಪತ್ರ ಕೊಟ್ಟರೆ ಖರೀದಿದಾರನಿಗೆ ಸುಂಕದ ರಿಯಾಯಿತಿ ಸಿಗಬಹುದು.

ಮನೆ ಘಟಕಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಅಪ್ಪನ ಹೆಸರಿನ ಪ್ಯಾನ್, ಅಣ್ಣನ ಹೆಸರಿನ ಬ್ಯಾಂಕ್ ಖಾತೆ, ಬೋರ್ಡಿನ ಮೇಲೆ ದೇವರ ಹೆಸರು. ಪ್ಯಾನ್, ಜಿಎಸ್‌ಟಿ, ಐಇಸಿ, ಬ್ಯಾಂಕ್, ಇನ್‌ವಾಯ್ಸ್ ಐದರಲ್ಲೂ ಒಂದೇ ಹೆಸರು, ಒಂದೇ ಕಾಗುಣಿತ ಇರಬೇಕು. ಯಜಮಾನರಿಗೆ ವಯಸ್ಸಾಗಿದ್ದರೆ ರಫ್ತಿಗೆ ಮುಂಚೆಯೇ ಪಾಲುದಾರಿಕೆ ಪತ್ರ ಮಾಡಿಕೊಳ್ಳಿ. ಒಬ್ಬರ ಪ್ಯಾನ್ ಮೇಲಿನ ವ್ಯವಹಾರ ಅವರೊಂದಿಗೇ ನಿಲ್ಲುತ್ತದೆ. ಖರೀದಿದಾರನ ಮೇಲ್‌ಗೆ ಉತ್ತರಿಸುವವರು ಮನೆಯಲ್ಲಿ ಒಬ್ಬರೇ ಇರಲಿ. ಅಣ್ಣ ಒಂದು ದರ, ತಮ್ಮ ಒಂದು ದರ ಹೇಳಿದರೆ ಕಡಿಮೆಯದೇ ನಿಮ್ಮ ದರವಾಗುತ್ತದೆ.

7. ದರ ಮತ್ತು ದುಡ್ಡು

ಕಸ್ಟಮ್ಸ್ ಏಜೆಂಟ್, ದಾಖಲೆ, ಬಂದರು, ಪರೀಕ್ಷೆ ಇವೆಲ್ಲ ಸರಕು ಎಷ್ಟೇ ಇರಲಿ ಹೆಚ್ಚು ಕಡಿಮೆ ಅಷ್ಟೇ ಬರುವ ಖರ್ಚು. ಅದು 40,000 ರೂಪಾಯಿ ಎಂದುಕೊಂಡರೆ, 40 ಬಾಕ್ಸಿನ ಮೇಲೆ ತಟ್ಟೆಗೆ 5 ರೂಪಾಯಿ ಬೀಳುತ್ತದೆ, 280 ಬಾಕ್ಸಿನ ಮೇಲೆ 71 ಪೈಸೆ. ಸಣ್ಣ ಸರಕಿಗೆ, ದೊಡ್ಡ ಸರಕಿಗೆ ಬೇರೆ ಬೇರೆ ದರಪಟ್ಟಿ ಕೊಡಿ. ಮೊದಲ ಸಲಕ್ಕೆ ಎಫ್‌ಒಬಿ ಒಳ್ಳೆಯದು: ಹಡಗಿಗೆ ಏರಿಸುವವರೆಗೆ ನಿಮ್ಮ ಜವಾಬ್ದಾರಿ, ಮುಂದಿನದು ಖರೀದಿದಾರನದು. ‘ನಮ್ಮ ಗೋದಾಮಿನ ಬಾಗಿಲಿಗೆ ತಲುಪಿಸಿ’ ಎಂಬ ಡಿಡಿಪಿ ಷರತ್ತು ಬೇಡ; ಕಾಣದ ಊರಿನ ಸುಂಕ, ತೆರಿಗೆಗೆ ನೀವು ತಲೆ ಕೊಟ್ಟಂತೆ.

ಮುಂಗಡ ಶೇ. 30, ಉಳಿದ ಶೇ. 70 ಬಿಲ್ ಆಫ್ ಲೇಡಿಂಗ್‌ನ, ಅಂದರೆ ಸರಕು ಹತ್ತಿಸಿಕೊಂಡದ್ದಕ್ಕೆ ಹಡಗು ಕಂಪನಿ ಕೊಡುವ ಪತ್ರದ, ಪ್ರತಿ ತೋರಿಸಿದಾಗ. ಅದರ ಮೂಲ ಪ್ರತಿಗಳು ಸರಕಿನ ಬೀಗದ ಕೈ ಇದ್ದಂತೆ. ಪೂರ್ತಿ ದುಡ್ಡು ಖಾತೆಗೆ ಬರುವವರೆಗೆ ಕಳಿಸಬೇಡಿ. ಎಲ್‌ಸಿ (ಖರೀದಿದಾರನ ಬ್ಯಾಂಕು ಕೊಡುವ ಪಾವತಿ ಖಾತರಿ ಪತ್ರ) ಬಂದರೆ ಬ್ಯಾಂಕಿನವರು ನೋಡುವುದು ತಟ್ಟೆಯನ್ನಲ್ಲ, ಕಾಗದವನ್ನು. ಒಂದಕ್ಷರ ತಪ್ಪಿದರೂ ದುಡ್ಡು ನಿಲ್ಲುತ್ತದೆ, ಹಾಗಾಗಿ ಸಹಿಗೆ ಮುಂಚೆ ಪ್ರತಿ ಷರತ್ತನ್ನೂ ಬ್ಯಾಂಕಿನಲ್ಲಿ ಓದಿಸಿ. ಮುಂಗಡ ಬಂದಾಗ ಉದ್ದೇಶ ಸಂಕೇತ ಪಿ0103, ಬಿಲ್ಲಿನ ದುಡ್ಡಿಗೆ ಪಿ0102 ಎಂದು ಬರೆಸಿ. ದುಡ್ಡು ಬಾರದ ಅಪಾಯಕ್ಕೆ ಕೇಂದ್ರ ಸರ್ಕಾರದ ಸಂಸ್ಥೆ ಇಸಿಜಿಸಿಯ ವಿಮೆ ಇದೆ. ಖರೀದಿದಾರನ ಹೆಸರು ಕೊಟ್ಟು ಮಿತಿ ಕೇಳುವುದೇ ಅವನ ಪರೀಕ್ಷೆಯೂ ಆಗುತ್ತದೆ. ಯುರೋಪಿನವನಾದರೆ ವ್ಯಾಟ್ ಸಂಖ್ಯೆ ಕೇಳಿ, ‘ವಿಐಇಎಸ್’ (VIES) ಎಂಬ ಅವರ ಸರ್ಕಾರಿ ಪುಟದಲ್ಲಿ ಸರಿಯಿದೆಯೇ ನೋಡಿ.

‘ಟೆಂಡರ್ ನೋಂದಣಿ ಶುಲ್ಕ ಕಟ್ಟಿ’ ಎನ್ನುವ ಖರೀದಿದಾರ ಖರೀದಿದಾರನಲ್ಲ. ನಿಮ್ಮ ಮೇಲ್ ಕದ್ದು, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ನಿಮ್ಮ ಹೆಸರಿನಲ್ಲೇ ಖರೀದಿದಾರನಿಗೆ ಬರೆಯುವವರೂ ಇದ್ದಾರೆ. ‘ಖಾತೆ ಬದಲಾದರೆ ಫೋನಿನಲ್ಲಿ ಧ್ವನಿ ಕೇಳಿ ಖಚಿತ ಮಾಡಿಕೊಂಡ ಮೇಲೆಯೇ ಕಳಿಸಿ’ ಎಂಬ ಸಾಲನ್ನು ಒಪ್ಪಂದದಲ್ಲೇ ಸೇರಿಸಿ.

8. ಮಾದರಿ, ತುಂಬುವ ದಿನ, ಆಮೇಲೆ

ಒಪ್ಪಿಗೆಯಾದ ತಟ್ಟೆಯ ಮೂರು ಮಾದರಿ ಸೀಲ್ ಮಾಡಿ: ಒಂದು ಖರೀದಿದಾರನಲ್ಲಿ, ಒಂದು ಕಪಾಟಿನಲ್ಲಿ, ಒಂದು ಪ್ಯಾಕಿಂಗ್ ಮೇಜಿನ ಮೇಲೆ ಕಣ್ಣೆದುರಿಗೆ. ಬಣ್ಣದ ವ್ಯತ್ಯಾಸ ಎಲ್ಲಿಯವರೆಗೆ ಸರಿ ಎಂದು ತೋರಿಸಲು ಅತಿ ತಿಳಿ ಬಣ್ಣದ್ದು, ಅತಿ ಕಂದು ಬಣ್ಣದ್ದು ಎರಡನ್ನೂ ಸೇರಿಸಿ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತು ಕಂಡರೂ ತೆಗೆಯಿರಿ. ಸಾರು ಸೋರುವುದು ಅಲ್ಲಿಂದಲೇ. ತೆಗೆದದ್ದನ್ನು ಕೊನೆಯಲ್ಲಿ ಲೆಕ್ಕ ತುಂಬಿಸಲು ಮತ್ತೆ ಒಳಗೆ ಸೇರಿಸುವ ಆಸೆ ಬರುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. 56,000ದ ಬದಲು 54,800 ಇದೆ ಎಂದು ಬರೆದು ಅಷ್ಟಕ್ಕೇ ಬಿಲ್ ಮಾಡಿ.

ತುಂಬುವ ದಿನ ಖಾಲಿ ಕಂಟೈನರ್, ಅರ್ಧ ತುಂಬಿದ್ದು, ಪೂರ್ತಿ ತುಂಬಿದ್ದು, ಬಾಗಿಲು ಹಾಕಿ ಸೀಲ್ ಸಂಖ್ಯೆ ಕಾಣುವಂತೆ, ಹೀಗೆ ನಾಲ್ಕು ಫೋಟೊ ತೆಗೆಯಿರಿ. ಮಳೆ ಹನಿಯುತ್ತಿದ್ದರೆ ತುಂಬುವುದನ್ನು ನಿಲ್ಲಿಸಿ. ತುಂಬಿದ ಕಂಟೈನರಿನ ತೂಕದ ಘೋಷಣೆ, ಅಂದರೆ ವಿಜಿಎಂ, ಇಲ್ಲದೆ 2016ರ ಜುಲೈನಿಂದ ಯಾವ ಹಡಗೂ ಹತ್ತಿಸಿಕೊಳ್ಳುವುದಿಲ್ಲ. ತೂಕದ ಚೀಟಿ ಏಜೆಂಟನ ಕೈಗೆ ಅದೇ ದಿನ ತಲುಪಲಿ. ಶಿಪ್ಪಿಂಗ್ ಬಿಲ್, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ ನಾಲ್ಕರಲ್ಲೂ ಬಾಕ್ಸ್ ಸಂಖ್ಯೆ ಮತ್ತು ತೂಕ ಒಂದೇ ಇದೆಯೇ ಎಂದು ಕರಡು ಬಂದಾಗಲೇ ನೋಡಿ. ಹಡಗು ಬಿಟ್ಟ ಮೇಲೆ ತಿದ್ದಲು ದುಡ್ಡು ಕಟ್ಟಬೇಕು.

ದುಡ್ಡು ಬಂದ ಮೇಲೂ ಒಂದು ಕೆಲಸ ಬಾಕಿ. ಶಿಪ್ಪಿಂಗ್ ಬಿಲ್ಲನ್ನು ಬಂದ ಮೊತ್ತದ ಜೊತೆ ಬ್ಯಾಂಕಿನಲ್ಲಿ ಜೋಡಿಸಿ, ದುಡ್ಡು ಬಂದದ್ದಕ್ಕೆ ಪುರಾವೆಯಾದ ಇ-ಬಿಆರ್‌ಸಿ ಪತ್ರ ತೆಗೆದುಕೊಳ್ಳಿ. ಹಾಗೇ ಬಿಟ್ಟರೆ ಆರ್‌ಬಿಐ ಲೆಕ್ಕದಲ್ಲಿ ಅದು ಬಾಕಿಯಾಗಿ ಉಳಿದು ಮುಂದಿನ ರಫ್ತಿಗೆ ಅಡ್ಡ ಬರುತ್ತದೆ.

ಪ್ರತಿ ಬಾಕ್ಸ್ ಮೇಲೆ ಒತ್ತಿದ ತಾರೀಕು, ಪ್ರೆಸ್ ಸಂಖ್ಯೆ, ಹಾಳೆ ಬಂದ ತೋಟದ ಗುರುತು ಇರಲಿ. ಅದೇ ದಿನದ ಹತ್ತು ತಟ್ಟೆಗಳನ್ನು ಒಂದು ವರ್ಷ ಎತ್ತಿಡಿ. ಅಲ್ಲಿಂದ ‘ಬೂಷ್ಟು ಬಂದಿದೆ’ ಎಂಬ ಫೋಟೊ ಬಂದರೆ ಮೊದಲು ಬಾಕ್ಸಿನ ಮೇಲಿನ ಗುರುತು ಕೇಳಿ, ನಂತರ ಅದು ಕಂಟೈನರಿನ ಯಾವ ಸಾಲಿನಲ್ಲಿತ್ತು ಎಂದು ಕೇಳಿ. ಮೇಲಿನ ಸಾಲು ಮಾತ್ರ ಕೆಟ್ಟಿದ್ದರೆ ಮಾಡಿನ ಹನಿ. ಒಂದೇ ತಾರೀಕಿನ ಬಾಕ್ಸುಗಳು ಎಲ್ಲೆಡೆ ಕೆಟ್ಟಿದ್ದರೆ ಆ ದಿನದ ಡ್ರೈಯರ್. ಪುಸ್ತಕದಲ್ಲಿ ಆ ದಿನದ ಅಂಕಿ ನೋಡಿ, ಎತ್ತಿಟ್ಟ ಹತ್ತು ತಟ್ಟೆಗಳನ್ನು ಬಿಚ್ಚಿ.